ಕಾಲಿನ ಪೆಡಲ್ ಕೈಗೆ ಬರಲಿ

ಮಕ್ಕಳು ಕೂತು ಓಡಿಸುವ ಬ್ಯಾಟರಿ ಕಾರನ್ನು ಮಾಡಿಫೈ ಮಾಡುವುದೆಂದರೆ ವೇಗ ಹೆಚ್ಚಿಸುವುದು ಎಂದೇ ಹೆಚ್ಚಿನವರ ತಿಳಿವಳಿಕೆ. 6 ವೋಲ್ಟಿನ ಬ್ಯಾಟರಿ ಕಿತ್ತು 12 ವೋಲ್ಟಿನದು ಹಾಕುತ್ತಾರೆ, 12 ಇದ್ದದ್ದನ್ನು 18 ಮಾಡುತ್ತಾರೆ. ಇದರಿಂದ ಮೋಟರು ಕಾಯುತ್ತದೆ, ಪ್ಲಾಸ್ಟಿಕ್ ಗೇರಿನ ಹಲ್ಲು ಸವೆಯುತ್ತದೆ. ಪ್ರತ್ಯೇಕ ಬ್ರೇಕ್ ಇಲ್ಲದೆ, ಪೆಡಲ್ ಬಿಟ್ಟರಷ್ಟೇ ನಿಲ್ಲುವ ಗಾಡಿ ಮೂರು ವರ್ಷದ ಮಗುವಿನ ಹಿಡಿತ ಮೀರುತ್ತದೆ. ಇದಕ್ಕೆ ಖರ್ಚು ಮಾಡುವುದು ವ್ಯರ್ಥ. ಇದೇ ಕಾರಿನಲ್ಲಿ ಮಾಡಬೇಕಾದ ಬದಲಾವಣೆ ಬೇರೆಯೇ ಇದೆ. ಸೆರೆಬ್ರಲ್ ಪಾಲ್ಸಿ, ಸ್ಪೈನಾ ಬೈಫಿಡಾದಂಥ ತೊಂದರೆಯಿಂದ ಕಾಲು ಆಡಿಸಲಾರದ ಮಗು ತಾನೇ ಅದನ್ನು ನಡೆಸುವಂತೆ ಮಾಡುವುದು. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಫಿಸಿಯೊಥೆರಪಿ ಪ್ರಾಧ್ಯಾಪಕರಾಗಿದ್ದ ಕೋಲ್ ಗ್ಯಾಲೊವೆ ಇದನ್ನು ‘ಗೋ ಬೇಬಿ ಗೋ’ ಎಂಬ ಹೆಸರಿನಲ್ಲಿ ಬೆಳೆಸಿದರು. ಅವರು ಮತ್ತು ಎಂಜಿನಿಯರ್ ಸುನಿಲ್ ಅಗ್ರವಾಲ್ ಮೊದಲು ಎಳೆಯ ಮಕ್ಕಳಿಗಾಗಿ ರೋಬಾಟ್ ಗಾಡಿ ರೂಪಿಸಿದ್ದರು. ಅದು ದುಬಾರಿ, ಭಾರ. ಪ್ರಯೋಗಾಲಯ ಬಿಟ್ಟು ಮನೆಗಳಿಗೆ ಹೋಗುವಂಥದ್ದಲ್ಲ. ಆಟಿಕೆ ಅಂಗಡಿಯ ಕಾರಿನಲ್ಲಿ ಬ್ಯಾಟರಿ, ಮೋಟರು, ಸೀಟು ಆಗಲೇ ಇದ್ದವು. ಪೆಡಲನ್ನು ಕಾಲಿನಿಂದ ಕೈಗೆ ತರುವುದೊಂದೇ ಬಾಕಿಯಿತ್ತು.

ಇಷ್ಟೆಲ್ಲ ಯಾಕೆ, ರಿಮೋಟ್ ಇರುವ ಕಾರು ಕೊಂಡರೆ ಅಪ್ಪ ಅಮ್ಮನೇ ಓಡಿಸಬಹುದಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಇದಕ್ಕೆ ಉತ್ತರ 1963ರಷ್ಟು ಹಳೆಯದು. ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಎಂಬ ವಿಜ್ಞಾನಿಗಳು ಕತ್ತಲಲ್ಲಿ ಬೆಳೆಸಿದ ಬೆಕ್ಕಿನ ಮರಿಗಳನ್ನು ಜೋಡಿ ಜೋಡಿಯಾಗಿ ದಿನಕ್ಕೆ ಕೆಲ ಹೊತ್ತು ಬೆಳಕಿನಲ್ಲಿ ಒಂದು ತಿರುಗಣೆಗೆ ಕಟ್ಟಿದರು. ಒಂದು ಮರಿ ತನ್ನ ಕಾಲಿನಿಂದ ನಡೆಯುತ್ತ ತಿರುಗಣೆಯನ್ನು ಎಳೆಯುತ್ತಿತ್ತು. ಇನ್ನೊಂದು ತೊಟ್ಟಿಲಲ್ಲಿ ಕೂತು ಅಷ್ಟೇ ಸುತ್ತುತ್ತಿತ್ತು. ಎರಡರ ಕಣ್ಣಿಗೂ ಬಿದ್ದದ್ದು ಹೆಚ್ಚುಕಡಿಮೆ ಅದೇ ದೃಶ್ಯ. ಆದರೂ ಪರೀಕ್ಷೆಗೆ ಇಟ್ಟಾಗ, ನಡೆದ ಮರಿ ಆಳವಿರುವ ಕಡೆ ಕಾಲಿಡದೆ ಹಿಂಜರಿಯಿತು, ಕೂತು ಸುತ್ತಿದ ಮರಿಗೆ ಆ ಭೇದ ತಿಳಿಯಲಿಲ್ಲ. ಸ್ವತಂತ್ರವಾಗಿ ಬೆಳಕಿನಲ್ಲಿ ಓಡಾಡಲು ಬಿಟ್ಟ ಮೇಲಷ್ಟೇ ಅದು ಕಲಿತುಕೊಂಡಿತು. ಬೆಕ್ಕಿನ ಫಲಿತಾಂಶವನ್ನು ಹಾಗೇ ಮಗುವಿಗೆ ಹಚ್ಚಲಾಗದು, ನಿಜ. ಆದರೆ ಅಂಬೆಗಾಲಿಡಲು ಶುರುಮಾಡಿದ ಮಕ್ಕಳಲ್ಲಿ ಎತ್ತರದ ಭಯ, ದೂರದ ಅಂದಾಜು, ಬಚ್ಚಿಟ್ಟ ವಸ್ತುವನ್ನು ಹುಡುಕುವ ಜಾಣ್ಮೆ ಬೇಗ ಬೆಳೆಯುತ್ತವೆಂದು ಮನಶ್ಶಾಸ್ತ್ರಜ್ಞ ಜೋಸೆಫ್ ಕ್ಯಾಂಪೋಸ್ ಮತ್ತು ಸಂಗಡಿಗರ ಅಧ್ಯಯನಗಳೂ ಹೇಳಿವೆ. ರಿಮೋಟಿನಲ್ಲಿ ಓಡುವ ಕಾರಿನೊಳಗಿನ ಮಗು ತೊಟ್ಟಿಲಲ್ಲಿ ಕೂತ ಮರಿಯೇ. ರಿಮೋಟ್ ಇರಲಿ, ಆದರೆ ಅಪಾಯದಲ್ಲಿ ನಿಲ್ಲಿಸುವುದಕ್ಕೆ ಮಾತ್ರ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ, ನಮ್ಮ ಮನೆಗಳಲ್ಲಿ ಹೆಚ್ಚು ಕೇಳಿಬರುವುದೂ ಅದೇ: ಕಾರಿನ ರೂಢಿಯಾದರೆ ಮಗು ನಡೆಯುವುದನ್ನೇ ಕಲಿಯದು. ಮರಿಯಾ ಜೋನ್ಸ್, ಐರೀನ್ ಮೆಕ್‌ಯುವೆನ್ ಮತ್ತು ಬಾರ್ಬರಾ ನೀಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಲನೆಯ ತೀವ್ರ ತೊಂದರೆಯಿದ್ದ, 14ರಿಂದ 30 ತಿಂಗಳಿನ 28 ಮಕ್ಕಳನ್ನು ಎರಡು ಗುಂಪು ಮಾಡಿ ಒಂದಕ್ಕೆ ವಿದ್ಯುತ್ ಗಾಲಿಕುರ್ಚಿ ಕೊಟ್ಟಿದ್ದರು. ಕುರ್ಚಿ ಸಿಕ್ಕ ಮಕ್ಕಳು ಮಾತನ್ನು ಅರ್ಥಮಾಡಿಕೊಳ್ಳುವುದರಲ್ಲಿ, ಓಡಾಟದಲ್ಲಿ ಇನ್ನೊಂದು ಗುಂಪಿಗಿಂತ ಹೆಚ್ಚು ಮುಂದುವರಿದರು. ಅವರಿಗೆ ಬೇಕಾಗುವ ನೆರವೂ ಕಡಿಮೆಯಾಯಿತು. ಗುಂಪು ಚಿಕ್ಕದು, ಆಟದ ಕಾರಿನ ಮೇಲಿನ ಅಧ್ಯಯನಗಳಂತೂ ಇನ್ನೂ ಚಿಕ್ಕವು, ಕೆಲವು ಒಂದೇ ಮಗುವಿನವು. ಆದ್ದರಿಂದ ಕಾರು ಚಿಕಿತ್ಸೆ ಎಂದು ಹೇಳಿ ಯಾರೂ ಆಸೆ ಹುಟ್ಟಿಸಬಾರದು. ವ್ಯಾಯಾಮ, ನಿಲ್ಲಿಸುವ ಅಭ್ಯಾಸ ಎಂದಿನಂತೆ ನಡೆಯಲಿ. ಕಾರು ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಕಾರು ಕೊಳ್ಳುವ ಮೊದಲು ಮಗುವಿನ ತೂಕ, ಸೊಂಟದ ಅಗಲ, ಕೂತಾಗಿನ ಎತ್ತರ ಅಳೆದುಕೊಳ್ಳಿ. ಪಕ್ಕದಲ್ಲಿ ಆಧಾರ ಹಾಕಲು ಜಾಗ ಬೇಕಾದ್ದರಿಂದ ಸೀಟು ಅಗಲವಿದ್ದಷ್ಟೂ ಒಳ್ಳೆಯದು. 12 ವೋಲ್ಟಿನ, ಎರಡು ವೇಗವಿರುವ ಕಾರನ್ನು ಕಡಿಮೆ ವೇಗಕ್ಕೇ ಇಟ್ಟು ಬಳಸುವುದು ಅನುಕೂಲ. ಮೆಲ್ಲಗೆ ಹೊರಡುವ ವ್ಯವಸ್ಥೆ ಇದ್ದರೆ ಮಗುವಿನ ಕತ್ತು ಹಿಂದಕ್ಕೆ ಎಳೆದಂತಾಗದು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಅದನ್ನು ನೋಡಿಯೇ ಕೊಳ್ಳಿ. ಬಿಚ್ಚಿದ ಮೇಲೆ ವಾರಂಟಿ ಸಿಗುವುದಿಲ್ಲ ಎಂದುಕೊಂಡೇ ಕೈಹಾಕಬೇಕು. ಹಾಗಾಗಿ ಮೊದಲು ಒಂದು ವಾರ ಇದ್ದ ಹಾಗೇ ಓಡಿಸಿ, ತಯಾರಿಕೆಯ ದೋಷವೇನಾದರೂ ಇದ್ದರೆ ಬದಲಿಸಿಕೊಂಡು ಆಮೇಲೆ ಸ್ಕ್ರೂಡ್ರೈವರ್ ಹಿಡಿಯುವುದು ಜಾಣತನ.

ವೈರಿಂಗಿಗೆ ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿ. ಪೆಡಲಿನ ಅಡಿಯಲ್ಲಿ ಒಂದು ಚಿಕ್ಕ ಮೈಕ್ರೋ ಸ್ವಿಚ್ ಇರುತ್ತದೆ. ಅದಕ್ಕೆ ಎರಡೇ ವೈರು ಬಂದಿದ್ದರೆ ಕೆಲಸ ಸುಲಭ: ಅವನ್ನು ಬಿಡಿಸಿ, ಅಷ್ಟೇ ದಪ್ಪದ ತಾಮ್ರದ ವೈರಿನಿಂದ ಉದ್ದಮಾಡಿ ಸ್ಟೇರಿಂಗಿನ ಬಳಿಗೆ ತರಬೇಕು. ಮೂರು ವೈರು ಇದ್ದರೆ ಅವಸರ ಬೇಡ. ಪೆಡಲ್ ಬಿಟ್ಟಾಗ ಮೋಟರಿನ ಎರಡು ತುದಿಗಳನ್ನು ಕೂಡಿಸಿ ಗಾಡಿಯನ್ನು ಥಟ್ಟನೆ ನಿಲ್ಲಿಸುವುದು ಸಾಮಾನ್ಯವಾಗಿ ಆ ಮೂರನೆಯ ವೈರಿನ ಕೆಲಸ. ಅದನ್ನು ಕತ್ತರಿಸಿ ಬಿಟ್ಟರೆ ಬ್ರೇಕನ್ನೇ ತೆಗೆದ ಹಾಗೆ. ಯಾವ ವೈರು ಯಾವ ತುದಿಯದು ಎಂದು ಮಲ್ಟಿಮೀಟರಿನಲ್ಲಿ ನೋಡಿ, ಚೀಟಿ ಅಂಟಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಹಳೆಯ ಪೆಡಲನ್ನು ಜೊತೆಗೇ ಉಳಿಸಿಕೊಳ್ಳುವ ಆಸೆ ಬೇಡ. ಸ್ನಾಯು ಬಿಗಿತವಿರುವ ಮಗುವಿನ ಕಾಲು ತನ್ನಷ್ಟಕ್ಕೆ ಚಾಚಿಕೊಳ್ಳುತ್ತದೆ, ಪೆಡಲ್ ಅದುಮಿದರೆ ಮಗುವಿಗೆ ಬೇಡವಾದರೂ ಗಾಡಿ ಹೊರಡುತ್ತದೆ.

ಗುಂಡಿ ಅಂಗೈಯಷ್ಟು ದೊಡ್ಡದಿರಲಿ, ಮೆಲ್ಲಗೆ ಒತ್ತಿದರೂ ಕೆಲಸ ಮಾಡಲಿ. ವಿಡಿಯೋ ಗೇಮ್ ಯಂತ್ರಗಳಿಗೆ ಹಾಕುವ ಗುಮ್ಮಟದಾಕಾರದ ಗುಂಡಿ ಇದಕ್ಕೆ ಹೇಳಿಮಾಡಿಸಿದ್ದು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ವಿಚಾರಿಸಿ, ಆನ್‌ಲೈನಿನಲ್ಲಂತೂ ಇದೆ. ಒತ್ತಿದಷ್ಟು ಹೊತ್ತು ಮಾತ್ರ ಓಡಬೇಕು, ಕೈ ತೆಗೆದರೆ ನಿಲ್ಲಬೇಕು. ಒಮ್ಮೆ ಒತ್ತಿದರೆ ಆನ್ ಆಗಿಯೇ ಉಳಿಯುವ ಸ್ವಿಚ್ಚನ್ನು ಯಾವ ಕಾರಣಕ್ಕೂ ಹಾಕಬಾರದು. ಮೋಟರಿನ ಪೂರ್ತಿ ಕರೆಂಟು ಈ ಗುಂಡಿಯ ಮೂಲಕ ಹರಿಯುವುದೂ ಸರಿಯಲ್ಲ. ಕಾಲಕ್ರಮದಲ್ಲಿ ಒಳಗಿನ ಸಂಪರ್ಕ ಸುಟ್ಟು ಅಂಟಿಕೊಂಡರೆ ಕೈ ತೆಗೆದರೂ ಕಾರು ನಿಲ್ಲದು. ಹಾಗಾಗಿ ಆ ಕರೆಂಟನ್ನು ರಿಲೇಯ ಮೂಲಕ ಹರಿಸಬೇಕು. ದೊಡ್ಡವರ ಕಾರಿನ ಹಾರ್ನಿಗೆ, ಹೆಡ್‌ಲೈಟಿಗೆ ಹಾಕುವ 12 ವೋಲ್ಟಿನ, 30 ಆಂಪಿಯರಿನ ರಿಲೇ ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಬ್ಯಾಟರಿಯ ಕರೆಂಟನ್ನು ಗುಂಡಿಯ ಮೂಲಕ ರಿಲೇಯ 85 ಮತ್ತು 86ನೇ ಪಿನ್ನುಗಳ ಸುರುಳಿಗೆ ಕೊಟ್ಟು, ಪೆಡಲಿನ ವೈರುಗಳನ್ನು 30 ಮತ್ತು 87ಕ್ಕೆ ಕೊಡಿ. ಮೂರನೆಯ, ಬ್ರೇಕಿನ ವೈರಿದ್ದರೆ ಐದು ಪಿನ್ನಿನ ರಿಲೇ ಕೊಂಡು ಅದನ್ನು 87ಎ ಪಿನ್ನಿಗೆ ಸೇರಿಸಿ. ರಿಮೋಟ್ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಪೆಡಲ್ ಒಂದು ಸರ್ಕ್ಯೂಟ್ ಬೋರ್ಡಿಗೆ ಸಂದೇಶವನ್ನಷ್ಟೇ ಕೊಡುತ್ತದೆ; ಅಂಥದ್ದರಲ್ಲಿ ರಿಲೇ ಬೇಕಿಲ್ಲ, ಗುಂಡಿಯನ್ನು ನೇರವಾಗಿ ಜೋಡಿಸಬಹುದು. ಬೆಸುಗೆ ಹಾಕಿದ ಜಾಗಕ್ಕೆ ಹೀಟ್ ಶ್ರಿಂಕ್ ಕೊಳವೆ ಹೊದಿಸಿ, ಬರೀ ಟೇಪು ಸೆಕೆಗೆ ಬಿಟ್ಟುಕೊಳ್ಳುತ್ತದೆ. ಸ್ಟೇರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗಿದಾಗ ವೈರು ಬಿಗಿಯಾಗದಷ್ಟು ಸಡಿಲ ಬಿಡಿ.

ಇನ್ನು ದೊಡ್ಡವರ ಸ್ವಿಚ್ಚು. ಬ್ಯಾಟರಿಯ ಮುಖ್ಯ ವೈರನ್ನೇ ಕಡಿಯುವಂಥ ಒಂದು ಸ್ವಿಚ್ಚನ್ನು ಗಾಡಿಯ ಹಿಂಭಾಗದಲ್ಲಿ, ಹಿಂದೆ ನಡೆಯುವವರ ಕೈಗೆಟಕುವಂತೆ ಹಾಕಬೇಕು. ಮನೆ ಗೋಡೆಯ ಎ.ಸಿ. ಸ್ವಿಚ್ಚು ಇದಕ್ಕೆ ಬಾರದು; ಡಿ.ಸಿ. ಕರೆಂಟಿಗೆ 20-30 ಆಂಪಿಯರ್ ತಾಳುವಂಥದ್ದೇ ಬೇಕು. ಕಂಪನಿ ಕೊಟ್ಟ ಫ್ಯೂಸನ್ನು ತೆಗೆಯುವುದಾಗಲಿ ಹೆಚ್ಚು ಆಂಪಿಯರಿನದಕ್ಕೆ ಬದಲಿಸುವುದಾಗಲಿ ಕೂಡದು.

ವಿದ್ಯುತ್ತಿನ ಕೆಲಸವನ್ನು ಯಾವುದೇ ಒಳ್ಳೆಯ ಎಲೆಕ್ಟ್ರಿಷಿಯನ್ ಒಂದು ದಿನದಲ್ಲಿ ಮುಗಿಸಬಲ್ಲ. ಸೀಟಿನ ಕೆಲಸ ಹಾಗಲ್ಲ, ಮಗುವನ್ನು ಬಲ್ಲ ಫಿಸಿಯೊಥೆರಪಿಸ್ಟ್ ಎದುರಿಗಿರಬೇಕು. ಮೈ ವಾಲುತ್ತಿದ್ದರೆ ಮಗುವಿನ ಗಮನವೆಲ್ಲ ಬೀಳದಿರುವುದರ ಮೇಲೇ ಇರುತ್ತದೆ, ಗುಂಡಿಯ ಕಡೆ ಕೈ ಹೋಗದು. ಪಿವಿಸಿ ಪೈಪು, ಎಲ್ಬೋ, ಟೀಗಳಿಂದ ಎದೆಯ ಎರಡು ಪಕ್ಕ ಮತ್ತು ಬೆನ್ನ ಹಿಂದೆ ಚೌಕಟ್ಟು ಕಟ್ಟಿ, ನಟ್ಟು ಬೋಲ್ಟಿನಿಂದ ಗಾಡಿಯ ಮೈಗೆ ಬಿಗಿಯುತ್ತಾರೆ. ತೆಳು ಪ್ಲಾಸ್ಟಿಕ್ ಸೀಳದಂತೆ ಎರಡೂ ಕಡೆ ಅಗಲದ ವಾಷರ್ ಬೇಕು, ಬೋಲ್ಟಿನ ತುದಿ ಮಗುವಿನ ಕಡೆಗೆ ಚಾಚಿರಬಾರದು. ಅಮೆರಿಕದಲ್ಲಿ ಪೈಪಿಗೆ ಈಜುಕೊಳದ ಫೋಮ್ ಕೊಳವೆ ಸುತ್ತುತ್ತಾರೆ, ಇಲ್ಲಿ ಎ.ಸಿ. ರಿಪೇರಿಯವರ ಬಳಿ ಸಿಗುವ, ತಾಮ್ರದ ಪೈಪಿಗೆ ತೊಡಿಸುವ ಕಪ್ಪು ಫೋಮ್ ಕೊಳವೆ ಸಾಕು. ಬೆಲ್ಟು ಎರಡು ಭುಜ, ಸೊಂಟ, ತೊಡೆಸಂದಿಯನ್ನು ಹಿಡಿಯುವಂಥದ್ದಿರಲಿ. ಕತ್ತು ನಿಲ್ಲದ, ಫಿಟ್ಸ್ ಬರುವ ಅಥವಾ ಸೊಂಟದ ಕೀಲು ಜಾರಿದ ಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳದೆ ಮುಂದುವರಿಯಬೇಡಿ. ಜಿಲ್ಲಾ ಮಟ್ಟದಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಗಳಿರುವುದು ಇಂಥ ಮಕ್ಕಳಿಗಾಗಿಯೇ. ಆಸರೆ ಹಿಡಿದು ನಿಲ್ಲಬಲ್ಲ ಮಗುವಿಗೆ ಗ್ಯಾಲೊವೆ ತಂಡ ಇನ್ನೊಂದು ಉಪಾಯ ಮಾಡಿತು: ಸ್ವಿಚ್ಚನ್ನು ಸೀಟಿನಡಿ ತಿರುವುಮುರುವಾಗಿ ಇಟ್ಟು, ಎದ್ದು ನಿಂತರೆ ಗಾಡಿ ಓಡುವಂತೆ, ಕೂತರೆ ನಿಲ್ಲುವಂತೆ ಮಾಡಿತು. ನಡಿಗೆ ಕಲಿಯದು ಎಂಬ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಮೊದಲ ದಿನಗಳಲ್ಲಿ ಹತ್ತು ನಿಮಿಷ ಸಾಕು, ಸಮತಟ್ಟಾದ ಅಂಗಳದಲ್ಲಿ ಅಥವಾ ಹಾಲಿನಲ್ಲಿ. ರಸ್ತೆ, ಮೆಟ್ಟಿಲಿನ ಬಳಿ, ನೀರಿನ ಹತ್ತಿರ ಬೇಡ. ಮಗುವಿನ ಕೈ ಹಿಡಿದು ಗುಂಡಿ ಒತ್ತಿಸಬೇಡಿ. ಒತ್ತಿದ್ದಕ್ಕೇ ಗಾಡಿ ಹೊರಟಿತು ಎಂಬುದು ಅದಕ್ಕೇ ಹೊಳೆಯಬೇಕು. ತಿರುಗಿಸುವುದು ಆಮೇಲಿನ ಪಾಠ, ಅಲ್ಲಿಯವರೆಗೆ ದೊಡ್ಡವರು ಸ್ಟೇರಿಂಗ್ ಸರಿಪಡಿಸಿದರೆ ತಪ್ಪಿಲ್ಲ. ಅಟ್ಟ ಸೇರಿದ ಕಾರು ಯಾರಿಗೂ ಉಪಯೋಗವಿಲ್ಲ, ಮಳೆ, ಜಾಗದ ಕೊರತೆ, ಪುರುಸೊತ್ತಿಲ್ಲದಿರುವುದು ಎಂಬ ಮೂರು ಕಾರಣಕ್ಕೆ ಅದು ಅಲ್ಲಿಗೆ ಹೋಗುವುದುಂಟು. ಅಕ್ಕಪಕ್ಕದ ಮಕ್ಕಳು ಆಡುವ ಹೊತ್ತಿಗೇ ಇದನ್ನೂ ಹೊರತನ್ನಿ. ಸೀಸದ ಬ್ಯಾಟರಿಯನ್ನು ಖಾಲಿಯಾಗಿ ಬಿಟ್ಟರೆ ಕೆಡುತ್ತದೆ. ಬಳಸದ ತಿಂಗಳಲ್ಲೂ ಒಮ್ಮೆ ಚಾರ್ಜ್ ಮಾಡಿ, ಸತ್ತದ್ದನ್ನು ಕಸಕ್ಕೆ ಹಾಕದೆ ಬ್ಯಾಟರಿ ಅಂಗಡಿಗೆ ಮರಳಿಸಿ. ಕಾರಿನ ಮೇಲೆ ಬರೆದ ತೂಕದ ಮಿತಿಯನ್ನು ಮಗು ದಾಟಿದ ದಿನ ಗುಜರಿಗೆ ಕೊಡಬೇಡಿ. ಹತ್ತಿರದ ಥೆರಪಿ ಕೇಂದ್ರಕ್ಕೆ ತಿಳಿಸಿದರೆ ಅದನ್ನು ಬಳಸುವ ಇನ್ನೊಂದು ಮಗು ಸಿಗಬಹುದು. ವೈರಿಂಗ್ ಹಾಗೇ ಇರಲಿ, ಸೀಟಿನ ಪೈಪುಗಳನ್ನು ಮಾತ್ರ ಆ ಮಗುವಿನ ಅಳತೆಗೆ ಹೊಸದಾಗಿ ಕತ್ತರಿಸಬೇಕು.