ದೊಡ್ಡ ಗೋಡೆ ಟೈಲಿಗೆ ಯಾವ ಕರಣೆ? – ಒಂದು ಪ್ರಾತ್ಯಕ್ಷಿಕೆ ಪಾಠ

ವಿಷಯ: ಕಟ್ಟಡ ಕೆಲಸ (ವೃತ್ತಿ ಶಿಕ್ಷಣ)
ಅವಧಿ: 90 ನಿಮಿಷ

ಉದ್ದೇಶ: ವಿದ್ಯಾರ್ಥಿಗಳು ಟೈಲಿನ ಅಳತೆಗೆ ತಕ್ಕ ಹಲ್ಲಿನ ಕರಣೆಯನ್ನು ಆರಿಸುವರು, ಆಯ್ಕೆ ಸರಿಯೇ ಎಂದು ತಾವೇ ಪರೀಕ್ಷಿಸುವರು.

ಸಾಮಗ್ರಿ: 6 ಮತ್ತು 10 ಮಿ.ಮೀ. ಚೌಕ ಹಲ್ಲಿನ ಕರಣೆಗಳು, ಸಿಮೆಂಟ್ ಟೈಲ್ ಅಂಟು, 300×600 ಮಿ.ಮೀ. ಟೈಲುಗಳು, ಅದೇ ಅಳತೆಯ ದಪ್ಪ ಅಕ್ರಿಲಿಕ್ ಹಾಳೆ, ಗಾರೆ ಮಾಡಿದ ಅಭ್ಯಾಸ ಗೋಡೆ, ಕೈಗವಸು.

ಪೀಠಿಕೆ: ಮೊದಲೇ ಅಂಟಿಸಿಟ್ಟ ಎರಡು ಟೈಲುಗಳನ್ನು ತಟ್ಟಿಸಿ. ಒಂದರ ಹಿಂದೆ ಅಂಟು ತುಂಬಿದೆ. ಇನ್ನೊಂದು ಐದು ಉಂಡೆಗಳ ಮೇಲೆ ನಿಂತಿದೆ, ಟೊಳ್ಳು ಸದ್ದು ಕೊಡುತ್ತದೆ. ಸುಮಾರು ಮೂರು ಕಿಲೋ ತೂಗುವ ಇಂಥ ಟೈಲು ಬಚ್ಚಲುಮನೆಯಲ್ಲಿ ತಲೆಯ ಮಟ್ಟದಿಂದ ಕಳಚಿದರೆ ಏನಾದೀತು ಎಂದು ಕೇಳಿ.

ಬೋಧನೆ:

1. ಲೆಕ್ಕ. ಹಲ್ಲು, ಸಂದು ಎರಡೂ 10 ಮಿ.ಮೀ. ಇರುವ ಕರಣೆಯನ್ನು ನೆಟ್ಟಗೆ ಹಿಡಿದು ಎಳೆದರೆ 10 ಮಿ.ಮೀ. ಎತ್ತರದ ಸಾಲುಗಳೇಳುತ್ತವೆ. ಟೈಲು ಒತ್ತಿದಾಗ ಅಂಟು ಹರಡಿ 5 ಮಿ.ಮೀ.ಗೆ ಇಳಿಯುತ್ತದೆ. 6 ಮಿ.ಮೀ. ಹಲ್ಲಿನಲ್ಲಿ ಉಳಿಯುವುದು 3 ಮಾತ್ರ. 10ರ ಕರಣೆಯನ್ನೇ 45 ಡಿಗ್ರಿಗೆ ವಾಲಿಸಿದರೆ ಸಾಲು ಸುಮಾರು 7, ಒತ್ತಿದ ಮೇಲೆ 3.5. ಕರಣೆ ಸರಿಯಿದ್ದರೂ ಕೈ ವಾಲಿದರೆ ಅಂಟು ಕಡಿಮೆಯಾಗುತ್ತದೆ.

2. ನೋಟ. ಎರಡೂ ಕರಣೆಗಳಿಂದ ಅಂಟು ಎಳೆದು, ಅಕ್ರಿಲಿಕ್ ಹಾಳೆ ಒತ್ತಿ. ಗೋಡೆ ತಗ್ಗಿರುವಲ್ಲಿ 6ರ ಸಾಲುಗಳ ನಡುವೆ ಖಾಲಿ ಗೆರೆಗಳು ಉಳಿಯುವುದನ್ನು ಹಾಳೆಯ ಮೂಲಕವೇ ತೋರಿಸಿ. ಸಾಲುಗಳು ಟೈಲಿನ ಗಿಡ್ಡ ಬದಿಗೆ ಸಮಾನಾಂತರವಾಗಿ ನೇರವಿರಲಿ. ಗಾಳಿ ಬೇಗ ಹೊರಹೋಗುತ್ತದೆ. ಸುತ್ತಿ ಬಳಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಟೈಲನ್ನು ಸಾಲುಗಳಿಗೆ ಅಡ್ಡಲಾಗಿ ಹಿಂದೆ ಮುಂದೆ ಸರಿಸಿ ಒತ್ತಬೇಕು.

3. ಆಯ್ಕೆ. 300×600ಕ್ಕೆ 10ರಿಂದ ಆರಂಭಿಸಿ. 600×1200ಕ್ಕೆ 12 ಮಿ.ಮೀ. ಹಲ್ಲು, ಜೊತೆಗೆ ಟೈಲಿನ ಬೆನ್ನಿಗೂ ತೆಳುವಾಗಿ ಅಂಟು ಸವರಬೇಕು. ಗೋಡೆಯೇ ಡೊಂಕಾಗಿದ್ದರೆ ಮೊದಲು ಗಾರೆಯಿಂದ ಸರಿಪಡಿಸಬೇಕು. ದೊಡ್ಡ ಹಲ್ಲು ಅದಕ್ಕೆ ಮದ್ದಲ್ಲ.

ಮೌಲ್ಯಮಾಪನ: ಪ್ರತಿಯೊಬ್ಬರೂ ಒಂದು ಟೈಲು ಅಂಟಿಸಿ ಕೂಡಲೇ ಕೀಳಲಿ. ಬೆನ್ನನ್ನು 60 ಮಿ.ಮೀ.ಯ 50 ಚೌಕಗಳಾಗಿ ಭಾಗಿಸಿ, ಅಂಟು ತುಂಬಿದವನ್ನು ಎಣಿಸಲಿ. ಅಮೆರಿಕದ ಆನ್ಸಿ ಮಾನದಂಡ ಒಣ ಜಾಗಕ್ಕೆ ಕನಿಷ್ಠ ಶೇ. 80, ನೀರು ಬೀಳುವಲ್ಲಿ ಶೇ. 95 ಕೇಳುತ್ತದೆ: ಅಂದರೆ 40 ಮತ್ತು 48 ಚೌಕ. ಮೂಲೆಗಳು ತುಂಬಿರಲೇಬೇಕು. ಕಡಿಮೆ ಬಂದರೆ ಹಿಡಿತ, ಕರಣೆ, ಗೋಡೆ – ಈ ಕ್ರಮದಲ್ಲಿ ಕಾರಣ ಹುಡುಕಲಿ.

ಬೋಧಕರಿಗೆ ಸೂಚನೆ: ಹಲ್ಲಿನ ಅಳತೆಯ ಪಟ್ಟಿಯನ್ನು ಮೊದಲೇ ಹಲಗೆಯ ಮೇಲೆ ಬರೆಯಬೇಡಿ. ಅಂಕಿಯನ್ನಷ್ಟೇ ಬಾಯಿಪಾಠ ಮಾಡಿದವರು ಟೈಲು ಬದಲಾದಾಗ ತಡವರಿಸುತ್ತಾರೆ. ಕಿತ್ತು ನೋಡಲು ಕಲಿತವರಿಗೆ ಟೈಲಿನ ಬೆನ್ನೇ ಉತ್ತರ ಹೇಳುತ್ತದೆ.

ಗೃಹಪಾಠ: ಮನೆಯ ಅಥವಾ ಶಾಲೆಯ ಟೈಲು ಗೋಡೆಯೊಂದನ್ನು ತಟ್ಟಿ, ಟೊಳ್ಳು ಸದ್ದಿನ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ ತರುವುದು.