ಲಲಿತಮಹಲಿನ ಕಂಬವೂ ರೋಮಿನ ಪುಸ್ತಕವೂ

ಮೈಸೂರಿನ ಲಲಿತಮಹಲ್ ಅರಮನೆಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಚಾಮುಂಡಿ ಬೆಟ್ಟದ ಮೇಲಿಂದ ನೋಡಿದರೂ ಬೆಳ್ಳಗೆ ಕಾಣುತ್ತದೆ. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇದನ್ನು ಕಟ್ಟಿಸಿದರು. ನಕ್ಷೆ ಬರೆದವರು ಫ್ರಿಚ್ಲಿ ಎಂಬುವರು. ಇದರ ಗುಮ್ಮಟಕ್ಕೆ ಲಂಡನ್ನಿನ ಸೇಂಟ್ ಪಾಲ್ ಚರ್ಚು ಮಾದರಿ. ಮುಂಭಾಗದಲ್ಲಿ ಜೋಡಿ ಕಂಬಗಳಿವೆ. ಕಂಬದ ತಲೆಯ ಎರಡು ಪಕ್ಕದಲ್ಲೂ ಸುರುಳಿ ಇರುತ್ತದೆ. ಇಂಥ ಕಂಬಕ್ಕೆ ಅಯೋನಿಕ್ ಕಂಬ ಅಂತ ಹೆಸರು.

ಈ ಕಂಬ ಮೊದಲು ಗ್ರೀಕರದು. ಆದರೆ ಅದರ ಅಳತೆಯನ್ನು ಪುಸ್ತಕದಲ್ಲಿ ಬರೆದಿಟ್ಟು ನಮ್ಮ ಕಾಲದವರೆಗೆ ಉಳಿಸಿದವನು ವಿಟ್ರೂವಿಯಸ್. ಇವನು ಸುಮಾರು 2000 ವರ್ಷಗಳ ಹಿಂದೆ, ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿದ್ದ ರೋಮನ್ ಶಿಲ್ಪಿ. ಇವನ ಗ್ರಂಥದಲ್ಲಿ 10 ಭಾಗಗಳಿವೆ. ಕಟ್ಟಡ ಗಟ್ಟಿಯಾಗಿರಬೇಕು, ಉಪಯೋಗಕ್ಕೆ ಬರಬೇಕು, ನೋಡಲು ಚೆಂದ ಇರಬೇಕು ಎಂಬುದು ಇವನ ಮುಖ್ಯ ಮಾತು. ಅಯೋನಿಕ್ ಕಂಬದ ಎತ್ತರ ಮೊದಲು ಅದರ ದಪ್ಪದ 8ರಷ್ಟು ಇತ್ತಂತೆ. ಸುರುಳಿಗಳು ಹೆಂಗಸಿನ ಗುಂಗುರು ಕೂದಲಿನ ಹಾಗೆ ಅಂತಲೂ ಬರೆದಿದ್ದಾನೆ. 1486ರ ಸುಮಾರಿಗೆ ಈ ಪುಸ್ತಕ ಇಟಲಿಯಲ್ಲಿ ಅಚ್ಚಾಯಿತು. ಪಲ್ಲಾಡಿಯೊ ಮೊದಲಾದವರು ಅದನ್ನು ಓದಿ ಕಟ್ಟಿದರು. ಆ ರೀತಿ ಇಂಗ್ಲೆಂಡಿಗೆ ಹೋಯಿತು, ಅಲ್ಲಿಂದ ಮೈಸೂರಿಗೂ ಬಂತು.

ನಮ್ಮ ದೇಶದ ವಿದ್ವಾಂಸರೂ ವಿಟ್ರೂವಿಯಸ್‌ನನ್ನು ಓದಿದ್ದಾರೆ. ಅಲಹಾಬಾದಿನ ಪ್ರಸನ್ನಕುಮಾರ ಆಚಾರ್ಯರು ‘ಮಾನಸಾರ’ ಎಂಬ ಸಂಸ್ಕೃತ ಶಿಲ್ಪಶಾಸ್ತ್ರದ ಬಗ್ಗೆ 1927ರಲ್ಲಿ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಎರಡೂ ಗ್ರಂಥಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದ್ದಾರೆ. ಕಂಬದ ಎತ್ತರಕ್ಕೂ ದಪ್ಪಕ್ಕೂ ಲೆಕ್ಕ ಹೇಳುವುದು ಎರಡರಲ್ಲೂ ಇದೆ. ಗಲ್ಲದಿಂದ ಕೂದಲು ಶುರುವಾಗುವ ತನಕ ಮುಖದ ಉದ್ದ ದೇಹದ ಹತ್ತನೇ ಒಂದು ಭಾಗ ಎನ್ನುತ್ತಾನೆ ವಿಟ್ರೂವಿಯಸ್. ನಮ್ಮ ಶಿಲ್ಪಿಗಳು ಮುಖದ ಉದ್ದವನ್ನು ಒಂದು ‘ತಾಳ’ ಎಂದು ಹಿಡಿದು, ದೊಡ್ಡ ದೇವರ ಮೂರ್ತಿಗೆ ದಶತಾಳ, ಅಂದರೆ 10 ತಾಳ ಎತ್ತರ ಹೇಳುತ್ತಾರೆ!

ಹಾಗಾದರೆ ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿದರಾ? ಅವಸರದಲ್ಲಿ ಹಾಗೆ ಹೇಳಬಾರದು ಅಂತ ನನಗೆ ಅನ್ನಿಸುತ್ತೆ. ನಾನು ದಾರ ಹಿಡಿದು ನಮ್ಮ ಅಪ್ಪನ ಮುಖ ಅಳೆದು, ಆಮೇಲೆ ಎತ್ತರ ಅಳೆದೆ. ಒಂಬತ್ತೂವರೆ ಸಲ ಬಂತು! ಮನುಷ್ಯನ ಮೈಕಟ್ಟು ರೋಮಿನಲ್ಲೂ ಒಂದೇ, ಮೈಸೂರಿನಲ್ಲೂ ಒಂದೇ. ಅದನ್ನೇ ಅಳೆದವರಿಗೆ ಹತ್ತಿರ ಹತ್ತಿರದ ಲೆಕ್ಕ ಸಿಕ್ಕರೆ ಆಶ್ಚರ್ಯವಿಲ್ಲ. ಎರಡು ಪುಸ್ತಕ ಒಂದೇ ಥರ ಇದ್ದರೆ ಸಾಲದು, ಒಂದರಿಂದ ಇನ್ನೊಂದಕ್ಕೆ ಹೋದ ದಾರಿಯೂ ಸಿಗಬೇಕು. ಲಲಿತಮಹಲಿನ ಕಂಬಕ್ಕೆ ಆ ದಾರಿ ಸಿಗುತ್ತದೆ.

ನೀವೂ ಮನೆಯಲ್ಲಿ ದೊಡ್ಡವರನ್ನು ಅಳೆದು ನೋಡಿ. ಚಿಕ್ಕ ಮಕ್ಕಳನ್ನು ಅಳೆದರೆ ಲೆಕ್ಕ ಕಡಿಮೆ ಬರುತ್ತದೆ. ಯಾಕೆ ಅಂತ ಯೋಚಿಸಿ ಹೇಳಿ!