ಪಿಕಪ್ಪಿಗೆ ದೊಡ್ಡ ಟೈರು: ಹಾಕಿಸುವ ಮೊದಲು ಒಂದು ಲೆಕ್ಕ



ಕಳೆದ ತಿಂಗಳು ಧಾರವಾಡಕ್ಕೆ ಹೋಗುವಾಗ ಸತ್ತೂರಿನ ಹತ್ತಿರ ಒಂದು ಗ್ಯಾರೇಜಿನಲ್ಲಿ ನಮ್ಮ ಸದಸ್ಯರೊಬ್ಬರು ಕಂಡರು. ತಮ್ಮ ಪಿಕಪ್ಪನ್ನು ಎತ್ತರಿಸಿ, ದಪ್ಪ ಗಟ್ಟಿಗಳಿರುವ ದೊಡ್ಡ ಟೈರು ಹಾಕಿಸಲು ಬಂದಿದ್ದರು. "ಇನ್ನು ತೋಟದ ರಸ್ತೆಯಲ್ಲಿ ಹುಗಿಯುವ ಮಾತೇ ಇಲ್ಲ" ಎಂದರು. ಎಂಟು ವರ್ಷದ ಹಿಂದೆ ನಾನೂ ಇದೇ ಮಾತನ್ನು ಆಡಿದ್ದೆ. ಆದ್ದರಿಂದ ಈ ಪಾಠ.

ಮೊದಲು ಟೈರಿನ ಮೇಲಿನ ಬರಹವನ್ನು ಓದಲು ಕಲಿಯೋಣ. 215/75 ಆರ್ 15 ಎಂದರೆ ಅಗಲ 215 ಮಿಲಿಮೀಟರ್. ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 75, ಅಂದರೆ ಸುಮಾರು 161. ರಿಮ್ಮು 15 ಅಂಗುಲ, ಅಂದರೆ 381 ಮಿಲಿಮೀಟರ್. ರಿಮ್ಮಿಗೆ ಎರಡು ಗೋಡೆಗಳನ್ನು ಕೂಡಿಸಿದರೆ ಟೈರಿನ ಒಟ್ಟು ಎತ್ತರ ಸುಮಾರು 703. ಇದರ ಬದಲು 31 ಅಂಗುಲದ ಟೈರು ಹಾಕಿದರೆ ಎತ್ತರ 787 ಆಗುತ್ತದೆ. ಹೆಚ್ಚಿದ್ದು 84 ಮಿಲಿಮೀಟರ್. ಆದರೆ ಆಕ್ಸಲು ನೆಲದಿಂದ ಮೇಲೇಳುವುದು ಅದರ ಅರ್ಧ, 42 ಮಾತ್ರ.

ಗಾಡಿಯ ಮೈಯನ್ನು ಎಷ್ಟೇ ಎತ್ತರಿಸಿದರೂ ಹಿಂದಿನ ಆಕ್ಸಲಿನ ನಡುವೆ ಇರುವ ಡಿಫರೆನ್ಷಿಯಲ್ ಮೇಲೇಳುವುದಿಲ್ಲ. ಕಲ್ಲಿಗೆ ತಾಗುವುದು ಅದೇ. ಮೈ ಎತ್ತರಿಸಿದ್ದರಿಂದ ದೊಡ್ಡ ಟೈರಿಗೆ ಜಾಗ ಸಿಗುತ್ತದೆ, ಅಷ್ಟೇ. ಜೊತೆಗೆ ಹೊರೆಯ ಭಾರವೂ ಮೇಲೇರುತ್ತದೆ. ಇಳಿಜಾರಿನಲ್ಲಿ ಅಡ್ಡಲಾಗಿ ಸಾಗುವಾಗ ಇಂಥ ಗಾಡಿ ಬೇಗ ಮಗುಚುತ್ತದೆ.

ಇನ್ನು ಈ 42 ಮಿಲಿಮೀಟರಿಗೆ ನಾವು ಕೊಡುವ ಬೆಲೆ. ಟೈರು ಶೇಕಡಾ 12ರಷ್ಟು ದೊಡ್ಡದಾಯಿತು. ಮೀಟರು 60 ತೋರಿಸುವಾಗ ಗಾಡಿ 67ರಲ್ಲಿ ಓಡುತ್ತಿರುತ್ತದೆ. ಏರಿನಲ್ಲಿ ಎಂಜಿನ್ನಿನ ಎಳೆತ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಬ್ರೇಕನ್ನು ಅಷ್ಟೇ ಬಲದಿಂದ ಒತ್ತಿದರೆ ಹಿಡಿತವೂ ಅಷ್ಟೇ ಕಡಿಮೆ. ಟೈರಿನ ಭಾರ ಹೆಚ್ಚಿದ್ದರಿಂದ ಬೇರಿಂಗು ಮತ್ತು ಸ್ಟೇರಿಂಗಿನ ಕೀಲುಗಳೂ ಬೇಗ ಸವೆಯುತ್ತವೆ.

ನನ್ನ ಗಾಡಿಯಲ್ಲಿ ಆದದ್ದನ್ನು ಹೇಳುತ್ತೇನೆ. ಟೈರು ಹಾಕಿಸಿದಾಗ ಖಾಲಿ ಗಾಡಿಯಲ್ಲಿ ಸ್ಟೇರಿಂಗ್ ತಿರುಗಿಸಿ ನೋಡಿದೆ, ಎಲ್ಲಿಯೂ ತಾಗಲಿಲ್ಲ. ಹೊರೆ ತುಂಬಿ ನೋಡಲಿಲ್ಲ. ಕೊಯ್ಲಿನ ಸಮಯದಲ್ಲಿ ಅಡಿಕೆ ಕೊನೆ ತುಂಬಿಕೊಂಡು ಹೊಂಡಗಳ ರಸ್ತೆಯಲ್ಲಿ ತಿರುಗುವಾಗ ಮುಂದಿನ ಟೈರು ದಿನವೂ ಬ್ರೇಕಿನ ರಬ್ಬರ್ ಪೈಪಿಗೆ ಉಜ್ಜುತ್ತಿತ್ತು. ಒಂದು ಸಂಜೆ ಇಳುಕಲಿನಲ್ಲಿ ಪೈಪು ಹರಿದು ಬ್ರೇಕು ತಪ್ಪಿತು. ಗಾಡಿಯನ್ನು ಧರೆಗೆ ತಾಗಿಸಿ ನಿಲ್ಲಿಸಿದೆ. ಹೊರೆಯ ಮೇಲೆ ಕುಳಿತಿದ್ದ ನಮ್ಮ ಕೊನೆಗೌಡನ ಕಾಲು ಮುರಿಯಿತು. ಅವನನ್ನು ಅಲ್ಲಿ ಕೂರಿಸಿದ್ದೂ ನನ್ನ ತಪ್ಪೇ. ಕಾಲು ಕೂಡಿತು, ಆದರೆ ಅವನು ಮತ್ತೆ ಮರ ಹತ್ತಲಿಲ್ಲ.

ಕಾನೂನನ್ನೂ ಮರೆಯತಕ್ಕದ್ದಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ಸೂಚಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕಾಗಬಹುದು.

ಹಾಗಾದರೆ ಮಾಡಬೇಕಾದದ್ದೇನು?

1. ಕೈಪಿಡಿಯಲ್ಲಿ ಹೇಳಿದ ಅಳತೆಯಲ್ಲೇ, ಕೆಸರಿಗೆ ತಕ್ಕ ಗಟ್ಟಿಗಳಿರುವ ಟೈರನ್ನು ಆರಿಸಿರಿ. ಹುಗಿಯದಂತೆ ಕಾಯುವುದು ಹೆಚ್ಚಾಗಿ ಗಟ್ಟಿಯೇ ಹೊರತು ಎತ್ತರವಲ್ಲ.

2. ಹೊರೆಯ ಅಂಕಿಯನ್ನು ನೋಡಿರಿ. 100 ಎಂದಿದ್ದರೆ ಒಂದು ಟೈರು 800 ಕಿಲೋ ಹೊರುತ್ತದೆ. 105 ಎಂದಿದ್ದರೆ 925. ಕಂಪನಿಯ ಟೈರಿಗಿಂತ ಕಡಿಮೆ ಅಂಕಿಯದು ಬೇಡ.

3. ಹೊಸ ಟೈರು ಹಾಕಿದ ಮೇಲೆ ಹೊರೆ ತುಂಬಿ, ಒಂದು ಗಾಲಿಯನ್ನು ದಿಬ್ಬಕ್ಕೆ ಹತ್ತಿಸಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಪರೀಕ್ಷಿಸಿರಿ. ಸ್ಟೆಪ್ನಿಯೂ ಅದೇ ಅಳತೆಯದಿರಲಿ.

4. ಟೈರಿಗೆ ಸುರಿಯುವ ಹಣದಲ್ಲಿ ಸ್ವಲ್ಪವನ್ನು ರಸ್ತೆಗೆ ಹಾಕಿರಿ. ಮಳೆಗೆ ಮೊದಲು ಬದಿಯ ಕಾಲುವೆ ಬಿಡಿಸಿ, ಗಾಲಿ ಹಾಯುವ ಎರಡು ಜಾಡಿಗೆ ಕಲ್ಲು ಹಾಸಿದರೆ ಹುಗಿಯುವ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಸತ್ತೂರಿನಲ್ಲಿ ಆ ಸದಸ್ಯರಿಗೆ ಇಷ್ಟನ್ನೂ ಹೇಳಿದೆ. ಕೆಲಸ ನಿಲ್ಲಿಸಿ, ಹಳೆಯ ಅಳತೆಯಲ್ಲೇ ಕೆಸರಿನ ಟೈರು ಹಾಕಿಸಿಕೊಂಡು ಹೋದರು. ಉಳಿದವರು ಗ್ಯಾರೇಜಿಗೆ ಹೋಗುವ ಮೊದಲು ಗಾಡಿಯ ಕೈಪಿಡಿ ಹಿಡಿದು ಸಂಘದ ಕಚೇರಿಗೆ ಬನ್ನಿರಿ. ಲೆಕ್ಕವನ್ನು ಕೂಡಿಯೇ ಹಾಕೋಣ.

— ಕಾರ್ಯದರ್ಶಿ